ಸಗರನಾಡಿಗೆ ಪ್ರೌಢಶಾಲೆ ಬಂದ ಬಗೆ

ಮಿರಗದ ಮಳೆ ಬೀಳುವ ಹೊತ್ತಿಗೆ ಸಗರನಾಡಿನ ಒಕ್ಕಲು ಮನೆಗಳಲ್ಲಿ ಎರಡು ಕೆಲಸಗಳು ಒಮ್ಮೆಲೇ ಬಂದೊದಗುತ್ತವೆ. ಹೊಲಕ್ಕೆ ಹೆಸರು, ತೊಗರಿ, ಹತ್ತಿಗಳನ್ನು ಬಿತ್ತುವದು ಒಂದು. ಊರ ಶಾಲೆಯಲ್ಲಿ ಏಳನೆಯ ತರಗತಿಯನ್ನು ಮುಗಿಸಿದ ಮಗನನ್ನೋ ಮಗಳನ್ನೋ ಪ್ರೌಢಶಾಲೆಗೆ ಸೇರಿಸುವದು ಇನ್ನೊಂದು. ಮೊದಲನೆಯದು ಹಿರಿಯರಿಂದ ಬಂದ ತಿಳುವಳಿಕೆ. ಯಾವ ಮಳೆಗೆ ಯಾವ ಬೀಜವೆಂಬುದನ್ನು ಯಾರೂ ಕೇಳಬೇಕಾಗಿಲ್ಲ. ಎರಡನೆಯದು ಅನೇಕ ಮನೆಗಳಿಗೆ ಇನ್ನೂ ಹೊಸತು. ಊರ ಶಾಲೆ ಕಣ್ಣೆದುರಿನದು, ಗುಡಿಯ ಪಕ್ಕದ್ದು. ಪ್ರೌಢಶಾಲೆಯಾದರೋ ಹಲವು ಮಕ್ಕಳಿಗೆ ಬೇರೊಂದು ಊರಿನದು. ಅಲ್ಲಿ ಏನು ಕಲಿಸುವರು, ಎಷ್ಟು ವರುಷ ಕಲಿಸುವರು, ಕಲಿತರೆ ಏನು ಸಿದ್ಧಿಸುವದು, ಕಲಿಯದಿದ್ದರೆ ಏನು ಕೆಡುವದು ಎಂಬ ಪ್ರಶ್ನೆಗಳನ್ನು ಮಠಕ್ಕೆ ನಡೆದುಕೊಳ್ಳುವ ಸದ್ಭಕ್ತರು ಜಾತ್ರೆಗೆ ಬಂದಾಗಲೂ ಅಮಾವಾಸ್ಯೆಯ ದರ್ಶನಕ್ಕೆ ಬಂದಾಗಲೂ ಕೇಳುವದುಂಟು. ಪ್ರೌಢಶಾಲೆ ಈ ನಾಡಿಗೆ ಬಂದ ಬಗೆಯನ್ನು ತಿಳಿದರೆ ಆ ಪ್ರಶ್ನೆಗಳಿಗೆ ಉತ್ತರವು ಬಹುಮಟ್ಟಿಗೆ ದೊರೆಯುತ್ತದೆ.

ಸುರಪುರ ಶಹಾಪುರಗಳು ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಯಲ್ಲಿವೆ. ಯಾದಗಿರಿಯು ಭೀಮೆಯ ಆಚೆಯ ದಡದಲ್ಲಿದೆ. ಈ ನೆಲಕ್ಕೆ ವಿದ್ಯೆ ಹೊಸದಾಗಿ ಬಂದುದಲ್ಲ. ನೆರೆಯ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. 1058ರ ಶಿಲಾಶಾಸನವು ಅಲ್ಲಿ ವೇದವನ್ನು ಓದುವ 200 ಮಂದಿ, ಶಾಸ್ತ್ರವನ್ನು ಓದುವ 50 ಮಂದಿ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ದತ್ತಿಯನ್ನು ಹೇಳುತ್ತದೆ. ಅದಕ್ಕಿಂತಲೂ ಆಶ್ಚರ್ಯಕರವಾದುದೆಂದರೆ, ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು ಅಲ್ಲಿದ್ದರೆಂಬುದು. ಇಂದಿನ ಎಷ್ಟು ಪ್ರೌಢಶಾಲೆಗಳಲ್ಲಿ ಪುಸ್ತಕ ಕಾಯುವವನು ಒಬ್ಬನಾದರೂ ಇದ್ದಾನೆಂಬುದನ್ನು ವಾಚಕರೇ ಯೋಚಿಸಬಹುದು. ಆದರೆ ಆ ವಿದ್ಯೆಯು ಸಂಸ್ಕೃತದ್ದು, ಕೆಲವರದು. ಒಕ್ಕಲಿಗನ ಮಗನಿಗಾಗಲಿ ನೇಕಾರನ ಮಗಳಿಗಾಗಲಿ ಅದರ ಬಾಗಿಲು ತೆರೆದಿರಲಿಲ್ಲ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನಂಥ ನೇಕಾರನು ತನ್ನ ಅನುಭಾವವನ್ನು ಮನೆಮಾತಿನ ಕನ್ನಡದಲ್ಲಿಯೇ ನುಡಿದಾಗ ಬೇರೊಂದು ದಾರಿ ಕಾಣಿಸಿತು: ತಿಳಿವಿಗೆ ಬೇಕಾದ ಭಾಷೆ ಮನೆಯಲ್ಲಿಯೇ ಉಂಟೆಂಬುದು. ಈ ಮಾತು ಮುಂದೆ ಮತ್ತೆ ಬರಲಿದೆ.

ತರುವಾಯದ ಶತಮಾನಗಳಲ್ಲಿ ಹಳ್ಳಿಯ ಮಗುವಿಗೆ ದೊರೆತದ್ದು ಐಗಳ ಮಠ. ಗುಡಿಯ ಪೌಳಿಯಲ್ಲಿಯೋ ಮಠದ ಹೊರಸಾಲೆಯಲ್ಲಿಯೋ ಜಂಗಮಯ್ಯನೊಬ್ಬನು ಹತ್ತು ಹುಡುಗರನ್ನು ಕೂಡಿಸಿಕೊಂಡು ಕಲಿಸುತ್ತಿದ್ದನು. ಮೊದಲು ಹಾಸಿದ ಮರಳಿನ ಮೇಲೆ ಬೆರಳಿನಿಂದ ‘ಓಂ ನಮಃ ಶಿವಾಯ’ ಎಂದು ತಿದ್ದುವದು. ಕೈ ಪಳಗಿದ ಮೇಲೆ ಕರಿಬಳಿದ ಕಡತದ ಮೇಲೆ ಬಳಪದಿಂದ ಬರೆಯುವದು. ಸಂಜೆಗೆ ಎಲ್ಲರೂ ಕೂಡಿ ಮಗ್ಗಿ ಒಪ್ಪಿಸುವದು, ಕಾಲು ಅರೆ ಮುಕ್ಕಾಲುಗಳ ಲೆಕ್ಕ ಹೇಳುವದು. ಬುದ್ಧಿವಂತನಾದವನು ಬಸವಪುರಾಣವನ್ನು ರಾಗವಾಗಿ ಓದುವಷ್ಟಾಗುತ್ತಿದ್ದನು. ಐಗಳಿಗೆ ಸಂಬಳವೆಂಬುದಿಲ್ಲ, ಸುಗ್ಗಿಯಲ್ಲಿ ಜೋಳ, ಮಹಾನವಮಿಗೆ ಕಾಣಿಕೆ. ಅಂಗಡಿಯ ಲೆಕ್ಕಕ್ಕೂ ಪುರಾಣದ ಪಠಣಕ್ಕೂ ಇಷ್ಟು ಸಾಕಾಗಿತ್ತು. ಈ ಮಠಗಳನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯಲಾಗದು. ಹೆಣ್ಣುಮಗಳು ಅಲ್ಲಿ ಅಪರೂಪ; ಊರ ಹೊರಗಿನ ಕೇರಿಯ ಮಗುವಂತೂ ಇಲ್ಲವೇ ಇಲ್ಲ. ಜಾತಿಯನ್ನು ಅಲ್ಲಗಳೆದ ಶರಣರ ಹೆಸರನ್ನು ಹೇಳುತ್ತಲೇ ಇದು ನಡೆದು ಬಂದಿತೆಂಬುದು ನಾಚಿಕೆಯ ಮಾತು.

ಸುರಪುರದ ಸಂಸ್ಥಾನವು 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಅಂತ್ಯದೊಡನೆ ಮುಗಿಯಿತು. ಇಂಗ್ಲಿಷ್ ಸರಕಾರವು 1860ರ ಒಪ್ಪಂದದಿಂದ ಆ ಪ್ರದೇಶವನ್ನು ನಿಜಾಮನಿಗೆ ಒಪ್ಪಿಸಿತು. ಹೈದರಾಬಾದಿನ ದರಬಾರದಲ್ಲಿ ಆಗ ಪಾರಸಿಯು ಆಡಳಿತದ ಭಾಷೆ. 1884ರ ಸುಮಾರಿಗೆ ಉರ್ದುವು ಅದರ ಸ್ಥಾನಕ್ಕೆ ಬಂದಿತು. ಮೂರು ಹಂತದ ಶಾಲೆಗಳು ನಡೆದವು: ಪ್ರಾಥಮಿಕಕ್ಕೆ ತಹತಾನಿಯಾ, ಮಾಧ್ಯಮಿಕಕ್ಕೆ ವಸ್ತಾನಿಯಾ, ಪ್ರೌಢಕ್ಕೆ ಫೌಖಾನಿಯಾ. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಎಡೆಯಿದ್ದರೂ ಮೇಲೆ ಹೋದಂತೆ ಉರ್ದುವೇ ಸರ್ವಸ್ವ. ಫೌಖಾನಿಯಾ ಶಾಲೆಗಳೋ ಬಹುತೇಕ ಜಿಲ್ಲೆಯ ಸ್ಥಳಗಳಲ್ಲಿಯೂ ಕೆಲವೇ ದೊಡ್ಡ ಊರುಗಳಲ್ಲಿಯೂ ಮಾತ್ರ.

ಹಳ್ಳಿಯಿಂದ ಬಂದ ಕನ್ನಡದ ಹುಡುಗನ ಅವಸ್ಥೆಯನ್ನು ಕಲ್ಪಿಸಿಕೊಳ್ಳಬಹುದು. ಮರಳಿನ ಮೇಲೆ ಎಡದಿಂದ ಬಲಕ್ಕೆ ತಿದ್ದಿದ ಕೈ ಈಗ ಬಲದಿಂದ ಎಡಕ್ಕೆ ಹೊರಳಬೇಕು. ತ್ರಿಕೋಣವೆಂದರೆ ಮುಸಲ್ಲಸ್, ಭೂಗೋಲವೆಂದರೆ ಜುಗ್ರಾಫಿಯಾ, ಇತಿಹಾಸವೆಂದರೆ ತಾರೀಖ್. ತಿಂಗಳುಗಳು ಕೂಡ ಬೇರೆ: ಅಜೂರ್, ದೈ, ಬಹಮನ್. ವರುಷವು ಫಸಲಿಯದು; 1947-48 ಎಂಬುದು ಶಾಲೆಯ ದಫ್ತರದಲ್ಲಿ ಫಸಲಿ 1357. ಚೈತ್ರ ವೈಶಾಖಗಳನ್ನೂ ಮಿರಗ ಆರಿದ್ರೆಗಳನ್ನೂ ಎಣಿಸುತ್ತ ಬೆಳೆದ ಮಗುವಿಗೆ ಕಾಲವೇ ಅಪರಿಚಿತವಾದಂತೆ. ವಿಷಯವು ಕಠಿಣವಲ್ಲ, ವಿಷಯವನ್ನು ಮುಟ್ಟುವ ಮೊದಲೇ ಭಾಷೆಯ ಗೋಡೆಯನ್ನು ಹತ್ತಬೇಕಾಗಿತ್ತು. ಹತ್ತಲಾರದವನು ‘ದಡ್ಡ’ನೆನಿಸಿಕೊಂಡು ಹೊಲಕ್ಕೆ ಮರಳಿದನು. ಆ ಕಾಲದ ಕುರುಹುಗಳು ಶಾಲೆಯಲ್ಲಿ ಇನ್ನೂ ಉಳಿದಿವೆ. ಹಾಜರಿ, ದಾಖಲೆ, ತಾರೀಖು ಎನ್ನುವಾಗ ಅವು ಎಲ್ಲಿಂದ ಬಂದವೆಂಬುದನ್ನು ಯಾರೂ ನೆನೆಯುವದಿಲ್ಲ.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯ, ವಿಜ್ಞಾನ, ಶಾಸ್ತ್ರಗಳೆಲ್ಲವನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ಅನುವಾದದ ಒಂದು ಇಲಾಖೆಯನ್ನೇ ಕಟ್ಟಿತು. ಉಚ್ಚಶಿಕ್ಷಣವು ಇಂಗ್ಲಿಷಿನಲ್ಲಿಯೇ ಸಾಧ್ಯವೆಂದು ಎಲ್ಲರೂ ನಂಬಿದ ಕಾಲದಲ್ಲಿ ಈ ದೇಶದ ಭಾಷೆಯಲ್ಲಿಯೂ ಅದು ಸಾಧ್ಯವೆಂದು ತೋರಿಸಿದ ಕೀರ್ತಿ ಅದಕ್ಕೆ ಸಲ್ಲತಕ್ಕದ್ದು. ತತ್ತ್ವವು ಸರಿಯಾಗಿತ್ತು. ಆದರೆ ಸಂಸ್ಥಾನದಲ್ಲಿ ತೆಲುಗರೇ ನೂರಕ್ಕೆ ಅರ್ಧದಷ್ಟು, ಮರಾಠಿಗರು ಕಾಲುಭಾಗ, ಕನ್ನಡಿಗರು ಹನ್ನೊಂದು ಹನ್ನೆರಡು. ಉರ್ದು ಮಾತಾಡುವವರೂ ಸುಮಾರಾಗಿ ಅಷ್ಟೇ. ಒಂದು ಪಾಲಿನವರ ಮನೆಮಾತಿಗೆ ದೊರೆತ ಮಾನವು ಉಳಿದ ಮೂರು ಪಾಲಿಗೆ ದೊರೆಯಲಿಲ್ಲ. ಆದರೂ ಆ ಗೋಡೆಯನ್ನು ಹತ್ತಿದವರು ಉಂಟು. ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು (1918-1994) ಉಸ್ಮಾನಿಯಾದಲ್ಲಿ ಓದಿ, ಸರಕಾರದ ದೊಡ್ಡ ಅಧಿಕಾರದಲ್ಲಿದ್ದು, ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದಲ್ಲಿ ಬರೆದರು. 1987ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಂಥವರು ಬೆರಳೆಣಿಕೆಯವರು.

ಕನ್ನಡದ ಶಾಲೆಯನ್ನು ಜನರೇ ತೆರೆಯಬಹುದಾಗಿತ್ತಲ್ಲವೇ ಎಂದು ಕೇಳುವವರಿಗೆ ಉತ್ತರವಿದೆ. ತೆರೆದರು. ಕಲಬುರ್ಗಿಯ ನೂತನ ವಿದ್ಯಾಲಯವು 1907ರದು. ರಾಯಚೂರಿನಲ್ಲಿ ಪಂಡಿತ ತಾರಾನಾಥರು 1920ರ ಸುಮಾರಿಗೆ ಹಮದರ್ದ್ ಶಾಲೆಯನ್ನು ಕಟ್ಟಿದರು. ಆದರೆ 1924ರ ಸುಮಾರಿಗೆ ಖಾಸಗಿ ಶಾಲೆಗಳಿಗೆ ಸರಕಾರದ ಪೂರ್ವಾನುಮತಿ ಬೇಕೆಂಬ ನಿಯಮವು ಬಂದಿತು. ಹಳ್ಳಿಯ ಐಗಳು ಅನುಮತಿಗೆ ಅರ್ಜಿಯನ್ನು ಯಾರಿಗೆ ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು? 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿಯೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸಾಹಿತ್ಯ ಸಮ್ಮೇಳನಗಳು ಕೂಡಿದಾಗ ಈ ಸೀಮೆಯ ಕನ್ನಡಿಗರಿಗೆ ತಮ್ಮ ನುಡಿಯ ಬಲವು ಅರಿವಾಯಿತು. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ವಿದ್ಯಾರ್ಥಿಗಳನ್ನು ಹೊರಹಾಕಿದ ಪ್ರಸಂಗವು ಹೈದರಾಬಾದಿನಿಂದ ಕಲಬುರ್ಗಿಯವರೆಗೆ ಹಬ್ಬಿತು; ಅನೇಕರು ನಾಗಪುರಕ್ಕೆ ಹೋಗಿ ಓದನ್ನು ಮುಂದುವರಿಸಿದರು. ಅಷ್ಟು ದೂರ ಹೋಗುವ ಅನುಕೂಲ ಎಲ್ಲರಿಗೆಲ್ಲಿಯದು?

ಅನುಕೂಲದ ಈ ಮಾತೇ ಮುಖ್ಯವಾದುದು. ಸಗರನಾಡಿನ ಪಶ್ಚಿಮದ ಗಡಿಯನ್ನು ದಾಟಿದರೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಅಲ್ಲಿ ಕನ್ನಡದಲ್ಲಿ ಮುಲ್ಕಿ ಪರೀಕ್ಷೆಯವರೆಗೆ ಓದಬಹುದಾಗಿತ್ತು, 1910ರಲ್ಲಿ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನು ಹುಟ್ಟುಹಾಕಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದರು. ಶಾಲೆ ಇದೆ, ಭಾಷೆಯೂ ತನ್ನದೇ. ಆದರೆ ಪರಊರಿನಲ್ಲಿ ಹುಡುಗನು ಉಣ್ಣುವದೆಲ್ಲಿ, ಮಲಗುವದೆಲ್ಲಿ? ಮನೆಯಿಂದ ಕಟ್ಟಿಕೊಟ್ಟ ರೊಟ್ಟಿಯ ಗಂಟು ಎಂಟು ದಿನಕ್ಕೆ ಮುಗಿಯುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟವು ಮಠಗಳು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ನಾಡಿನ ಉದ್ದಕ್ಕೂ ಮಠಗಳು ವಿದ್ಯೆಯ ಕಡೆಗೆ ಮುಖಮಾಡಿದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಹೆಸರು ಕನ್ನಡ ನಾಡಿನ ಎಲ್ಲ ಜಿಲ್ಲೆಗಳಲ್ಲಿಯೂ ಸಿಗುತ್ತದೆ. ಇತ್ತ ಕಲಬುರ್ಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪಗಳು 1930ರ ದಶಕದಲ್ಲಿ ಶಾಲೆಯೊಂದನ್ನು ತೆರೆದರು; ಅದನ್ನು ಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ತೆರೆದರು. ಗಂಡುಮಕ್ಕಳಿಗೇ ಕನ್ನಡದ ಶಾಲೆ ದುರ್ಲಭವಾಗಿದ್ದ ಸಂಸ್ಥಾನದಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಆ ಪೀಠದ ಮೂಲಪುರುಷರಾದ ಶರಣಬಸವರು (1746-1822) ಜೇವರ್ಗಿ ಸೀಮೆಯ ಅರಳಗುಂಡಿಗೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ಹೊಲದ ಬೆಳೆಯನ್ನು ದಾಸೋಹಕ್ಕೆ ಸುರಿದವರು. ಅನ್ನದಾಸೋಹವು ವಿದ್ಯೆಗೆ ತಿರುಗಿದ್ದು ಹೀಗೆ. ಶಾಲೆಯೆಂದರೆ ಗೋಡೆ ಮತ್ತು ಹಲಗೆ ಮಾತ್ರವೆಂದು ತಿಳಿದವರು ಈ ಚರಿತ್ರೆಯ ಅರ್ಧವನ್ನು ಬಿಟ್ಟಂತಾಗುವದು. ಬಡವನ ಮಗುವಿನ ಪಾಲಿಗೆ ಶಾಲೆಯು ಅಡಿಗೆಯ ಮನೆಯಿಂದಲೇ ಪ್ರಾರಂಭವಾಯಿತು.

1948ನೆಯ ಸಪ್ಟಂಬರ 17ರಂದು ನಿಜಾಮನ ಸೈನ್ಯವು ಶರಣಾಗತವಾಯಿತು. ಅದಕ್ಕೆ ಮುಂಚಿನ ಒಂದು ವರುಷ ರಜಾಕಾರರ ಹಾವಳಿಯಲ್ಲಿ ಅನೇಕ ಕುಟುಂಬಗಳು ಗಡಿಯನ್ನು ದಾಟಿ ಹೋಗಿದ್ದವು. ಮಕ್ಕಳ ಓದು ಕಡಿದುಹೋಗಿತ್ತು. ವಿಮೋಚನೆಯ ತರುವಾಯ ಶಾಲೆಗಳಲ್ಲಿ ಕ್ರಮಕ್ರಮವಾಗಿ ಕನ್ನಡವು ಕಲಿಕೆಯ ಭಾಷೆಯಾಯಿತು. 1949ರಲ್ಲಿ ಉತ್ತಂಗಿ ಚನ್ನಪ್ಪನವರು ಅಧ್ಯಕ್ಷರಾಗಿ ಕಲಬುರ್ಗಿಯಲ್ಲಿ ಸಮ್ಮೇಳನವು ಮತ್ತೆ ನೆರೆಯಿತು. ಆದರೆ ಆಜ್ಞೆಯಿಂದ ಭಾಷೆ ಬದಲಾದಷ್ಟು ಬೇಗ ಉಪಾಧ್ಯಾಯರು ಬದಲಾಗಲಾರರು. ಉರ್ದುವಿನಲ್ಲಿಯೇ ಗಣಿತವನ್ನು ಕಲಿತವರು ಅದನ್ನು ಕನ್ನಡದಲ್ಲಿ ಕಲಿಸಬೇಕಾಯಿತು. ಅವರೂ ಒಂದು ರೀತಿಯಲ್ಲಿ ಮತ್ತೆ ಮರಳಿನ ಮೇಲೆ ಬೆರಳಿಟ್ಟು ತಿದ್ದಿದವರೇ. ಅವರ ಶ್ರಮವನ್ನು ಯಾರೂ ಬರೆದಿಡಲಿಲ್ಲ. 1956ನೆಯ ನವಂಬರ 1ರಂದು ಕಲಬುರ್ಗಿ, ರಾಯಚೂರು, ಬೀದರಗಳು ಮೈಸೂರು ರಾಜ್ಯಕ್ಕೆ ಸೇರಿದವು. 1958ರಲ್ಲಿ ಕಲಬುರ್ಗಿಯಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯು ಹುಟ್ಟಿ ಕಾಲೇಜುಗಳಿಗೆ ದಾರಿ ಮಾಡಿತು. ಸಗರನಾಡಿನ ತಾಲೂಕು ಸ್ಥಳಗಳಿಗೂ, ಮುಂದೆ ದೊಡ್ಡ ಹಳ್ಳಿಗಳಿಗೂ ಪ್ರೌಢಶಾಲೆಗಳು ಒಂದೊಂದಾಗಿ ಬಂದವು.

ಹೀಗೆ ಬಂದ ಪ್ರೌಢಶಾಲೆಯು ಇಂದು ಮೂರು ವರುಷದ ಓದು: 8, 9, 10ನೆಯ ತರಗತಿಗಳು. ಕೆಲವೂರುಗಳಲ್ಲಿ 8ನೆಯ ತರಗತಿಯು ಊರ ಹಿರಿಯ ಪ್ರಾಥಮಿಕ ಶಾಲೆಯಲ್ಲಿಯೇ ಉಂಟು. ಕೆಳಗಿನ ಶಾಲೆಗೂ ಇದಕ್ಕೂ ಮುಖ್ಯವಾದ ಭೇದವೆಂದರೆ, ಇಲ್ಲಿ ಒಬ್ಬೊಬ್ಬ ವಿಷಯಕ್ಕೆ ಒಬ್ಬೊಬ್ಬ ಶಿಕ್ಷಕರು. ದಿನದಲ್ಲಿ ಗಂಟೆ ಬಾರಿಸಿದಂತೆ ಬದಲಾಗುತ್ತಾರೆ. ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. 10ನೆಯ ತರಗತಿಯ ಕೊನೆಗೆ ರಾಜ್ಯಕ್ಕೆಲ್ಲ ಒಂದೇ ಆದ ಪರೀಕ್ಷೆ, ಜನರ ಬಾಯಲ್ಲಿ ಎಸ್ಸೆಸ್ಸೆಲ್ಸಿ. 2024ರ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರರಂತೆ ಒಟ್ಟು 625 ಅಂಕಗಳಿದ್ದವು. ಅದೇ ವರುಷದಿಂದ ವರುಷಕ್ಕೆ ಮೂರು ಸಲ ಪರೀಕ್ಷೆಗೆ ಕೂಡ್ರುವ ಅವಕಾಶವೂ ದೊರೆಯಿತು. ಒಮ್ಮೆ ತಪ್ಪಿದರೆ ಓದು ಮುಗಿಯಿತೆಂಬ ಹಳೆಯ ಭಯಕ್ಕೆ ಆಧಾರವಿಲ್ಲದಂತಾಯಿತು. ಆದರೆ ನೂರಕ್ಕೆ 75ರಷ್ಟು ಹಾಜರಿ ಇಲ್ಲದವನಿಗೆ ಪರೀಕ್ಷೆಯ ಬಾಗಿಲೇ ತೆರೆಯದು. ಪಾಲಕರು ಎಲ್ಲಕ್ಕಿಂತ ಮೊದಲು ತಿಳಿಯತಕ್ಕ ನಿಯಮ ಇದು.

ಏಕೆಂದರೆ ಸಗರನಾಡಿನಲ್ಲಿ ಹಾಜರಿಯನ್ನು ತಿನ್ನುವದು ಹತ್ತಿ. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಶಹಾಪುರ ಸುರಪುರಗಳ ಹೊಲಗಳಿಗೆ ಕೆಲಸವು ಹೆಚ್ಚಿತು. ದಸರೆಯ ಆಚೀಚೆ ಹತ್ತಿ ಬಿಡಿಸುವ ಕಾಲ ಬಂದರೆ ಎಳೆಯ ಬೆರಳುಗಳಿಗೆ ಕರೆ ಬರುತ್ತದೆ. ನೀರಿಲ್ಲದ ಊರುಗಳದು ಬೇರೆ ಗೋಳು: ಕುಟುಂಬಕ್ಕೆ ಕುಟುಂಬವೇ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವದು, ಮಗುವೂ ಹೋಗುವದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 51.83, ಇಡೀ ರಾಜ್ಯದ್ದು 75.36. ರಾಜ್ಯದಲ್ಲಿ ಎಲ್ಲಕ್ಕಿಂತ ಕೆಳಗಿನ ಜಿಲ್ಲೆ ಇದೇ. ಹೆಂಗಸರಲ್ಲಿ ಓದುಬಲ್ಲವರು ನೂರಕ್ಕೆ 41ರಷ್ಟು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿಯೂ ನೂರಕ್ಕೆ 50.59ರಷ್ಟು ಮಾತ್ರ ತೇರ್ಗಡೆಯಾಗಿ ಜಿಲ್ಲೆಯು ಕಡೆಯ ಸ್ಥಾನದಲ್ಲಿ ನಿಂತಿತು. ಮೊದಲನೆಯದಾದ ಉಡುಪಿಯಲ್ಲಿ 94 ಮಂದಿ ತೇರ್ಗಡೆಯಾಗಿದ್ದರು. ಉಡುಪಿಯ ಮಕ್ಕಳಿಗೆ ಬುದ್ಧಿ ಇಮ್ಮಡಿಯೆಂದು ಯಾರೂ ಹೇಳಲಾರರು. ಅಲ್ಲಿ ಅಜ್ಜಿಯೂ ಓದಿದವಳು. ಇಲ್ಲಿ ಎಂಟನೆಯ ತರಗತಿಗೆ ಕಾಲಿಡುವ ಹುಡುಗಿಯೇ ಎಷ್ಟೋ ಮನೆಗಳಲ್ಲಿ ಮೊದಲ ಓದುಗಾತಿ.

ಹುಡುಗಿಯ ಮಾತು ಬಂದುದರಿಂದ ಇನ್ನೊಂದಿಷ್ಟು. ಊರ ಶಾಲೆಗೆ ನಗುನಗುತ್ತ ಹೋದವಳನ್ನು ಪ್ರೌಢಶಾಲೆಯ ಹೊತ್ತಿಗೆ ಮನೆಯಲ್ಲಿ ನಿಲ್ಲಿಸುವದು ಈ ಸೀಮೆಯ ದೊಡ್ಡ ನಷ್ಟ. ದಾರಿ ದೂರ, ಕಾಲ ಕೆಟ್ಟದ್ದು, ಹೇಗೂ ಮದುವೆಯಾಗುವವಳು ಎಂಬ ಮೂರು ಕಾರಣಗಳನ್ನು ಪಾಲಕರು ಹೇಳುತ್ತಾರೆ. ಮೊದಲಿನ ಎರಡು ಕಾರಣಗಳು ಸುಳ್ಳಲ್ಲ. ಅವಕ್ಕೆ ಊರವರೂ ಸರಕಾರವೂ ಪರಿಹಾರವನ್ನು ಹುಡುಕಬೇಕು. 2006-07ರಿಂದ ಹಲವು ವರುಷ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಟ್ಟಾಗ ಸಾಲುಸಾಲಾಗಿ ಹುಡುಗಿಯರು ಹಳ್ಳಿಯ ದಾರಿಯಲ್ಲಿ ಹೋಗುವದನ್ನು ನಾಡು ಕಂಡಿತು. ಒಬ್ಬಳೇ ಹೋಗಲು ಅಂಜುವ ದಾರಿಯಲ್ಲಿ ಹತ್ತು ಮಂದಿ ಕೂಡಿ ಹೋದರೆ ಅಂಜಿಕೆಯಿಲ್ಲ. ಆ ಯೋಜನೆ ನಿಂತುಹೋದುದು ವ್ಯಸನದ ಸಂಗತಿ. ವಸತಿಯೊಡನೆ ಕಲಿಸುವ ಕಸ್ತೂರಬಾ ಬಾಲಿಕಾ ವಿದ್ಯಾಲಯಗಳೂ ಕಿತ್ತೂರು ರಾಣಿ ಚೆನ್ನಮ್ಮ, ಮೊರಾರ್ಜಿ ದೇಸಾಯಿ ಶಾಲೆಗಳೂ ದೂರದ ಹಳ್ಳಿಯವರಿಗೆ ಆಧಾರವಾಗಿವೆ. ಮೂರನೆಯ ಕಾರಣವು ಮಾತ್ರ ಕಾರಣವೇ ಅಲ್ಲ. ಹದಿನೆಂಟು ತುಂಬದ ಹೆಣ್ಣಿನ ಮದುವೆ ಕಾನೂನಿಗೆ ವಿರುದ್ಧ. ಅಕ್ಕಮಹಾದೇವಿಯನ್ನು ಪೂಜಿಸುವ ಮನೆಗೆ ಧರ್ಮಕ್ಕೂ ವಿರುದ್ಧ.

ಅನ್ನದ ಚಿಂತೆಗೆ ಪರಿಹಾರವು ಬಂದ ಬಗೆಯನ್ನು ಹೇಳದೆ ಈ ಕಥೆಯು ಪೂರ್ಣವಾಗದು. 2002ರಲ್ಲಿ ಸರಕಾರವು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಮೊದಲು ಪ್ರಾರಂಭಿಸಿದ್ದು ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಸಗರನಾಡು ಆಗ ಸೇರಿದ್ದ ಕಲಬುರ್ಗಿ ಜಿಲ್ಲೆಯೂ ಅವುಗಳಲ್ಲೊಂದು. 2007ರಲ್ಲಿ ಅದು ಪ್ರೌಢಶಾಲೆಯ ಮಕ್ಕಳಿಗೂ ದೊರೆಯಿತು. ಅದಕ್ಕೆ ಸರಕಾರವು ಇಟ್ಟ ಹೆಸರು ‘ಅಕ್ಷರ ದಾಸೋಹ’. ಮಠದ ಪಂಕ್ತಿಯ ಮಾತು ಸರಕಾರದ ಕಡತದ ಮಾತಾಯಿತು. ಊರ ಹೊರಗಿನ ಕೇರಿಯ ಮಗುವೂ ಗೌಡರ ಮಗುವೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ದೃಶ್ಯವು ಐಗಳ ಮಠದಲ್ಲಿ ಕಾಣದೆ ಹೋದುದು. ಅಲ್ಲಲ್ಲಿ ಇಂದಿಗೂ ಈ ಸಾಲನ್ನು ಮುರಿಯುವವರು ಉಂಟೆಂಬುದು ಭಕ್ತರ ಗಮನದಲ್ಲಿರಬೇಕು.

ಕೊನೆಯದಾಗಿ ದಾಖಲೆಯ ವಿಷಯ. 2009ರ ಕೊನೆಗೆ ಯಾದಗಿರಿಯು ಬೇರೆ ಜಿಲ್ಲೆಯಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ಕಲಮಿನ ಪ್ರಕಾರ ಈ ಸೀಮೆಯ ಮಕ್ಕಳಿಗೆ ಕಾಲೇಜುಗಳಲ್ಲಿಯೂ ನೌಕರಿಗಳಲ್ಲಿಯೂ ಮೀಸಲಾದ ಸ್ಥಾನಗಳಿವೆ. ಆದರೆ ಪ್ರೌಢಶಾಲೆಯನ್ನು ಮುಗಿಸದವನಿಗೆ ಕಾಲೇಜಿನ ಮೀಸಲು ಇದ್ದೂ ಇಲ್ಲದಂತೆ. ಅದನ್ನು ಪಡೆಯುವ ಕಾಲಕ್ಕೆ ಶಾಲೆಯ ಕಾಗದಗಳೇ ಕೆಲಸಕ್ಕೆ ಬರುತ್ತವೆ. ಅದರಂತೆಯೇ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಲ್ಲಿ ಬರೆದ ಹೆಸರೂ ಹುಟ್ಟಿದ ತಾರೀಖೂ ಜೀವಮಾನವೆಲ್ಲ ಸಾಕ್ಷಿಯಾಗಿ ನಿಲ್ಲುತ್ತವೆ. ಹಿಂದಿನ ತಲೆಮಾರಿನಲ್ಲಿ ಊರಿಗೆ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುವದು ವಿನೋದವಲ್ಲ, ತಾರೀಖು ಹೇಳಬಲ್ಲವರು ಮನೆಯಲ್ಲಿರಲಿಲ್ಲ. ಶಾಲೆ ತೆರೆದ ದಿನವನ್ನೇ ಗುರುಗಳು ಬರೆದುಕೊಂಡರು. ಆದುದರಿಂದ ಸೇರಿಸುವ ದಿನ ಜನನ ಪತ್ರ, ಹಿಂದಿನ ಶಾಲೆಯ ವರ್ಗಾವಣೆ ಪತ್ರ, ಜಾತಿ ಆದಾಯಗಳ ಪತ್ರಗಳನ್ನು ತೆಗೆದುಕೊಂಡು ತಂದೆಯಾಗಲಿ ತಾಯಿಯಾಗಲಿ ತಾವೇ ಬರುವದು ಒಳಿತು. ಹೆಸರಿನ ಅಕ್ಷರ, ಅಡ್ಡಹೆಸರು, ಹುಟ್ಟಿದ ವರುಷ, ಮಾತೃಭಾಷೆ ಇವಿಷ್ಟನ್ನು ದಾಖಲೆಯ ಪುಸ್ತಕದಲ್ಲಿ ನೋಡಿ ಸಹಿ ಮಾಡಬೇಕು. ಸಹಿ ಬಾರದ ಪಾಲಕರು ಸಂಕೋಚಪಡಬೇಕಾಗಿಲ್ಲ. ಬರೆದುದನ್ನು ಮಗಳು ಓದಿ ಹೇಳಿದ ಮೇಲೆ ಹೆಬ್ಬೆಟ್ಟನ್ನು ಒತ್ತಬಹುದು.